ಕರೂರಿನ ಜಾಲಿಗೆ ಬಂದ ಬೆಳವ

ಬಸ್ಸು ಬಳ್ಳಾರಿ ದಾಟಿ ಸಿರುಗುಪ್ಪದ ಹಾದಿ ಹಿಡಿದಿತ್ತು. ಪಕ್ಕದ ಸೀಟಿನ ಹೆಂಗಸು ಕರವಸ್ತ್ರಕ್ಕೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಒತ್ತಿಕೊಂಡಳು. ನೆಗಡಿಯೋ, ಧೂಳೋ, ಯಾರಿಗೆ ಗೊತ್ತು. ಆ ವಾಸನೆ ನನ್ನ ಕಡೆ ಬಂದದ್ದೇ ತಡ, ಕಿಟಕಿಯ ಹೊರಗಿನ ಗದ್ದೆಗಳೆಲ್ಲ ಮರೆತುಹೋದವು. ಸತ್ಯನಾರಾಯಣಪೇಟೆಯ ಆ ಮನೆ, ಬೆಳಗಾಗುವ ಮೊದಲೇ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೂಗುತ್ತಿದ್ದ ಟೀಚರ್, ಅವರ ಸೆರಗಿನ ತುದಿಯಲ್ಲಿ ಇದೇ ವಾಸನೆ...

ಅವರು ನಮ್ಮ ಮನೆಯ ಮಾಲೀಕರು. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾನು ಮತ್ತು ನನ್ನ ಗಂಡ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾಗಿದ್ದರು. ಓಣಿಗೆಲ್ಲ ಅವರು ಟೀಚರ್. ಹಾಲಿನವನಿಗೂ ಟೀಚರ್, ಮಠದ ಆಚಾರ್ಯರಿಗೂ ಟೀಚರ್. ಮದುವೆ ಮಾಡಿಕೊಂಡಿರಲಿಲ್ಲ. ಯಾಕ್ರಿ ಎಂದು ಯಾರಾದರೂ ಬಾಯಿಬಿಟ್ಟು ಕೇಳಿದರೆ, ಪುರುಸೊತ್ತು ಆಗಲಿಲ್ಲ ಎನ್ನುತ್ತಿದ್ದರು. ಅದನ್ನು ಎಷ್ಟು ಗಂಭೀರವಾಗಿ ಹೇಳುತ್ತಿದ್ದರೆಂದರೆ ಕೇಳಿದವರು ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ.

ಅವರಿಗೆ ಹಕ್ಕಿಯ ಹುಚ್ಚು. ಏಕಾದಶಿಯ ಉಪವಾಸವನ್ನೂ ಬಿಡುತ್ತಿರಲಿಲ್ಲ, ಭಾನುವಾರದ ಹಕ್ಕಿಯನ್ನೂ ಬಿಡುತ್ತಿರಲಿಲ್ಲ. ಎರಡೂ ಒಂದೇ ದಿನ ಬಂದರೆ ಹೊಟ್ಟೆಗಿಲ್ಲದೆ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಡುವವರೇ. ಧೂಳು ತಾಗಿದರೆ ಸೀನು ಹತ್ತುತ್ತಿತ್ತು, ಅದಕ್ಕೇ ಸೆರಗಿಗೆ ನೀಲಗಿರಿ ಎಣ್ಣೆ. ನನ್ನ ಹತ್ತಿರ ಸ್ಕೂಟರ್ ಇತ್ತು, ನನ್ನ ಗಂಡನಿಗೆ ಭಾನುವಾರವೂ ಡ್ಯೂಟಿ ಇರುತ್ತಿತ್ತು. ಹೀಗಾಗಿ ಟೀಚರ್ ಹಿಂದಿನ ಸೀಟು ಹಿಡಿದರು. ವಾರವೆಲ್ಲ ಕೋರ್ಟಿನಲ್ಲಿ ಟೈಪ್ ಮಾಡಿ ಬೆರಳು ಸೋತು, ಭಾನುವಾರ ಒಂದು ದಿನ ಹಾಸಿಗೆಯಲ್ಲಿ ಹೊರಳಾಡೋಣವೆಂದರೆ ಕೆಳಗಿಂದ ಕೂಗು.

"ಎದ್ದೀ ಏನಮ್ಮಾ? ಬಿಸಿಲು ಏರಿದ ಮ್ಯಾಲೆ ಹೋದ್ರ ಬರೇ ಕಾಗಿ ಸಿಗ್ತಾವ."

ಸಿಗಲಿ ಬಿಡ್ರಿ, ಕಾಗೆ ಏನು ಪಾಪ ಮಾಡಿದೆ ಎಂದು ನಾನು ಹೊದಿಕೆಯೊಳಗೆ ಗೊಣಗಿಕೊಂಡು ಏಳುತ್ತಿದ್ದೆ. ನನಗೆ ಹಕ್ಕಿಗಿಕ್ಕಿ ಎಂದರೆ ಅಷ್ಟಕ್ಕಷ್ಟೆ. ರೈತರ ಮನೆಯಲ್ಲಿ ಹುಟ್ಟಿದವಳು ನಾನು, ಹಕ್ಕಿ ಎಂದರೆ ತೆನೆ ತಿನ್ನುವುದು, ಅದನ್ನು ತಗಡು ಬಡಿದು ಓಡಿಸಬೇಕು ಎಂಬುದಷ್ಟೇ ಗೊತ್ತಿತ್ತು. ಬೆಳವ ಅಂದರೆ ಬೆಳವ, ಪಾರಿವಾಳದ ತಮ್ಮನಂಥದ್ದು. ಅದರಲ್ಲೂ ಜಾತಿ ಇವೆ ಎಂದು ತಿಳಿದದ್ದು ಟೀಚರಿಂದಲೇ. ನಮ್ಮ ಕಿಟಕಿಯ ಸಜ್ಜದ ಮೇಲೆ ಕುಳಿತು ಗುಕ್ಕುಗುಕ್ಕು ಅನ್ನುವುದು ಸಣ್ಣದು. ಕುತ್ತಿಗೆಯ ಹಿಂದೆ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ ಇರುವುದು ಇನ್ನೊಂದು. ಬೂದಿ ಬಣ್ಣದ ಮೈ, ಕುತ್ತಿಗೆಗೆ ಅರ್ಧ ಕಪ್ಪು ಪಟ್ಟಿ ಇದ್ದರೆ ಮತ್ತೊಂದು. ಹೊಲದ ಬದುವಿನಲ್ಲಿ ಕಾಣುವ ಪುಟ್ಟ ಕೆಂಪು ಬೆಳವ ಬೇರೆ, ಅದಕ್ಕೂ ಪಟ್ಟಿ ಉಂಟು. ಇವೆಲ್ಲ ಊರ ಹಕ್ಕಿಗಳು.

ಇವಲ್ಲದೆ ಒಂದು ಪರವೂರ ಬೆಳವ ಇತ್ತು. ಇಂಗ್ಲಿಷಿನಲ್ಲಿ ಓರಿಯಂಟಲ್ ಟರ್ಟಲ್ ಡವ್ ಅಂತಾರೆ ಎಂದು ಟೀಚರ್ ಹೇಳಿದ್ದರು. ಚಳಿಗಾಲಕ್ಕೆ ಉತ್ತರದಿಂದ ಬರುತ್ತದೆ, ನಮ್ಮ ಕಡೆ ಬರುವುದು ಅಪರೂಪ, ಬಂದರೂ ಬೆಳವ ಎಂದು ಯಾರೂ ತಿರುಗಿ ನೋಡುವುದಿಲ್ಲ. ಊರ ಬೆಳವಗಳಿಗಿಂತ ದಪ್ಪ. ರೆಕ್ಕೆಯ ಒಂದೊಂದು ಗರಿಯ ಅಂಚಿಗೂ ಇಟ್ಟಿಗೆಯ ಬಣ್ಣ. ಕುತ್ತಿಗೆಯ ಪಕ್ಕದಲ್ಲಿ ಚುಕ್ಕೆಯೂ ಇಲ್ಲ, ಪಟ್ಟಿಯೂ ಇಲ್ಲ. ಕಪ್ಪು ಬಿಳುಪು ಗೆರೆಗಳು, ಒಂದರ ಕೆಳಗೆ ಒಂದು. ಟೀಚರ್ ಅದನ್ನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದರು. ಕಣ್ಣಾರೆ ಕಂಡಿರಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು ಇದು. ಆ ಚಳಿಗಾಲದಲ್ಲಿ ಕುರುಗೋಡಿನ ಹತ್ತಿರ, ಗುಡ್ಡದ ಬುಡದ ರಸ್ತೆಯಲ್ಲಿ, ನಾವಿಬ್ಬರೂ ಒಂದು ಡಾಬಾದ ಮುಂದೆ ಚಹಾ ಕುಡಿಯುತ್ತಿದ್ದೆವು. ಅದಿರಿನ ಲಾರಿಗಳು ನಿಲ್ಲುವ ಜಾಗ. ಎದುರಿನ ಬೇವಿನ ಮರದಲ್ಲಿ ದಪ್ಪನೆಯ ಬೆಳವವೊಂದು ಕುಳಿತಿತ್ತು, ಮೈಯೆಲ್ಲ ಇಟ್ಟಿಗೆ ಕೆಂಪು. ಟೀಚರ್ ಕೈಯಲ್ಲಿದ್ದ ಚಹಾ ಕೆಳಗಿಟ್ಟರು. ದುರ್ಬೀನು ಕಣ್ಣಿಗೆ ಏರಿಸಿದರು. ಕುತ್ತಿಗೆ ಸರಿಯಾಗಿ ಕಾಣಲಿಲ್ಲ, ಆದರೂ ಅವರು ಅದೇ ಎಂದರು. ಆ ವಾರವೆಲ್ಲ ಅವರ ಮುಖದ ಕಳೆಯೇ ಬೇರೆ. ಹಕ್ಕಿ ನೋಡುವ ಬಳ್ಳಾರಿಯ ಬಳಗದವರಿಗೆಲ್ಲ ಫೋನು ಮಾಡಿ ಮುಂದಿನ ಭಾನುವಾರ ಕರೆಸಿದರು. ದೊಡ್ಡ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಅವರೂ ಬಂದರು.

ಹಕ್ಕಿಯೂ ಬಂತು. ಎಲ್ಲರ ಎದುರಿಗೇ ಡಾಬಾದವನ ನೀರಿನ ಡ್ರಮ್ಮಿನ ಕೆಳಗೆ ಇಳಿಯಿತು. ಅಲ್ಲಿ ಸೋರಿ ನಿಂತಿದ್ದ ನೀರಿನಲ್ಲಿ ಹೊಟ್ಟೆ ಮುಳುಗಿಸಿ, ರೆಕ್ಕೆ ಬಡಿದು, ಚೆನ್ನಾಗಿ ಸ್ನಾನ ಮಾಡಿತು. ನೀರು ಕೆಂಪಾಯಿತು, ಹಕ್ಕಿ ಬೂದಿಯಾಯಿತು. ಕುತ್ತಿಗೆಯಲ್ಲಿ ಕಪ್ಪು ಪಟ್ಟಿ ಸ್ಪಷ್ಟವಾಗಿ ಎದ್ದು ಕಂಡಿತು. ನಮ್ಮ ಊರ ಬೆಳವವೇ, ಅದಿರಿನ ಧೂಳು ಮೆತ್ತಿಕೊಂಡಿತ್ತು ಅಷ್ಟೆ. ಡಾಬಾದವನು ಇಷ್ಟು ಜನ ಯಾಕೆ ಸೇರಿದ್ದಾರೆಂದು ತಿಳಿಯದೆ, ತೆಲುಗಿನಲ್ಲಿ "ಅದಿ ಗುವ್ವೇ ಕದಮ್ಮಾ" ಎಂದ. ಬೆಳವ ತಾನೇ ಅದು, ಅದರಲ್ಲೇನಿದೆ ಎಂಬ ಹಾಗೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಟೀಚರ್ ನಕ್ಕರು. ಮನೆ ಮುಟ್ಟಿ, ಬೀಗ ತೆಗೆಯುತ್ತ ಅಂದರು.

"ಬಣ್ಣ ಬರ್ತದ, ಹೋಗ್ತದ. ನಾ ಗೆರಿ ನೋಡಬೇಕಿತ್ತು."

ಅಲ್ಲಿಂದ ಒಂದು ತಿಂಗಳು ಅವರು ನನ್ನನ್ನು ಎಬ್ಬಿಸಲಿಲ್ಲ. ಮೊದಲ ಭಾನುವಾರ ಖುಷಿಯಿಂದ ಮಲಗಿದೆ. ಎರಡನೆಯದಕ್ಕೆ ಎಚ್ಚರವಾಗಿಬಿಟ್ಟಿತು, ಮೂರನೆಯದಕ್ಕೆ ನನಗೇ ಸಂಕಟವಾಗತೊಡಗಿತು. ಕೆಳಗೆ ಹೋಗಿ ನೋಡಿದರೆ ಟೀಚರ್ ಪೇಪರ್ ಓದುತ್ತ ಕುಳಿತಿದ್ದಾರೆ. ಹೋಗೋಣೇನ್ರಿ ಎಂದರೆ, "ಕಣ್ಣಿಗೆ ವಯಸ್ಸಾತು, ಇನ್ನು ಸಾಕು" ಎಂದರು. ಕಣ್ಣಿಗೆ ಏನೂ ಆಗಿರಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡಿ ಎಂದು ನಾನೇ ಅವರ ಹತ್ತಿರ ಹೋಗುತ್ತಿದ್ದೆ.

ಸಂಕ್ರಾಂತಿ ಮುಗಿದ ಮೇಲೆ ಕರೂರಿನಿಂದ ನನ್ನ ಅಣ್ಣ ಬಂದ. ಅದು ನನ್ನ ತವರು. ಹೊಸ ಅಕ್ಕಿ ತಂದಿದ್ದ. ಊಟ ಮಾಡುತ್ತ ಮನೆ ಸುದ್ದಿ, ಹೊಲದ ಸುದ್ದಿ. ಕಾಲುವೆ ಪಕ್ಕದ ತುಂಡು ಹೊಲದಲ್ಲಿ ಸಿಮೆಂಟಿನ ಕಣ ಹಾಕಿಸುತ್ತಾನಂತೆ, ಭತ್ತ ಒಣಗಿಸಲು. ಹಿಂದಿನ ವರ್ಷ ಎಲ್ಲರಂತೆ ಅವನೂ ರಸ್ತೆಯ ಮೇಲೆ ಭತ್ತ ಹರವಿದ್ದ. ಯಾರೋ ಬೈಕಿನವನು ಜಾರಿ ಬಿದ್ದು ಮೊಣಕಾಲು ಒಡೆದುಕೊಂಡ, ದೊಡ್ಡ ಜಗಳವಾಯಿತು. ಈ ಸಲ ರಸ್ತೆಯ ಉಸಾಬರಿಯೇ ಬೇಡ ಎಂದು ಅವನ ತೀರ್ಮಾನ. ಕಣದ ಜಾಗದಲ್ಲಿ ಸಾಲಾಗಿ ನಿಂತ ಜಾಲಿ ಮರಗಳನ್ನು ಕಡಿಸಬೇಕು, ಕಟ್ಟಿಗೆ ಅಡ್ಡೆಯವನಿಗೆ ಹೇಳಿಯೂ ಆಗಿತ್ತು.

"ಅದರಾಗ ಈ ವರ್ಷ ಕೆಂಪನ ಬೆಳವ ಬಂದಾವ ನೋಡು, ದಪ್ಪನ್ನವು," ಎಂದ ಅಣ್ಣ, ಉಪ್ಪಿನಕಾಯಿ ನೆಕ್ಕುತ್ತ. "ಬಳ್ಳಾರಿ ಧೂಳು ಅಲ್ಲೀತನ ಬಂತೇನೋ."

ನಾನೂ ನಕ್ಕು, ಆ ನಗೆಯಲ್ಲೇ ಸಂಜೆ ಟೀಚರಿಗೆ ಹೇಳಿದೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಾಗಿಲ ಚಿಲಕ ಆಡಿಸುತ್ತ ನಿಂತರು.

"ಕರೂರಿನಾಗ ಅದಿರು ಎಲ್ಲಿಂದ ಬರ್ತದ?"

ಆ ಶನಿವಾರವೇ ಇಬ್ಬರೂ ಸಿರುಗುಪ್ಪದ ಬಸ್ಸು ಹತ್ತಿದೆವು.

ನಮ್ಮ ಮನೆಯಲ್ಲಿ ಟೀಚರ್ ಎಂದರೆ ಗಾಬರಿಯೋ ಗಾಬರಿ. ಅತ್ತಿಗೆ ಹೊಸ ಚಾದರ ತೆಗೆದಳು, ಮಡಿಯವರು ನಮ್ಮಲ್ಲಿ ಏನು ತಿಂದಾರು ಎಂದು ನನ್ನನ್ನು ಒಳಗೆ ಕರೆದು ಕೇಳಿದಳು. ಟೀಚರ್ ಅಡುಗೆಮನೆಗೇ ಹೋಗಿ ಕುಳಿತು, ಉಳ್ಳಾಗಡ್ಡಿ ಹಾಕದ್ದು ಏನಿದ್ದರೂ ಕೊಡು ಎಂದು ರೊಟ್ಟಿ ಬೆಣ್ಣೆ ತಿಂದರು. ಬೆಳಗಾಗುತ್ತಲೇ ಹೊಲಕ್ಕೆ ಹೊರಟೆವು. ಕಣಕ್ಕೆಂದು ಅಣ್ಣ ಆ ತುಂಡನ್ನು ಉಳದೆ ಬಿಟ್ಟಿದ್ದ. ಭತ್ತ ಕೊಯ್ದ ಕೂಳೆ ಹಾಗೇ ಇತ್ತು, ಮಷಿನ್ನು ಉದುರಿಸಿದ ಕಾಳೂ ಇತ್ತು. ಜಾಲಿ ಮರಗಳಿಂದ ಹಕ್ಕಿಗಳು ಇಳಿದು ಕೂಳೆಯ ನಡುವೆ ನಡೆದಾಡುತ್ತಿದ್ದವು. ಊರ ಬೆಳವಗಳೂ ಇದ್ದವು, ಅವುಗಳಿಂದ ಸ್ವಲ್ಪ ದೂರದಲ್ಲಿ, ಬೇರೆಯಾಗಿ, ಕೆಂಪನೆಯವು. ನಿಜವಾಗಿಯೂ ದಪ್ಪ ಇದ್ದವು. ಒಂದು ಸದ್ದು ಮಾಡದೆ ತಲೆ ತಗ್ಗಿಸಿ ಕಾಳು ಹೆಕ್ಕುತ್ತಿದ್ದವು. ನಾವು ನಾಲ್ಕು ಹೆಜ್ಜೆ ಹತ್ತಿರ ಹೋದದ್ದೇ ಫಟಫಟನೆ ಎದ್ದು ರಾರಾವಿ ಊರಿನ ದಿಕ್ಕಿಗೆ ಹಾರಿಹೋದವು. ಮತ್ತೆ ಬಂದವು, ಮತ್ತೆ ಹೋದವು. ಮಧ್ಯಾಹ್ನದವರೆಗೂ ಇದೇ ಆಟ. ಜಾಲಿ ಮುಳ್ಳಿಗೆ ನನ್ನ ಚಪ್ಪಲಿ ತೂತಾಯಿತು.

ಅಣ್ಣ ಕಾಲುವೆಯ ಏರಿಯ ಮೇಲೆ ಕುಳಿತು ಎಲ್ಲ ನೋಡುತ್ತಿದ್ದ. ಕೊನೆಗೆ ಎದ್ದು ಬಂದು ಟೀಚರ ಮುಂದೆ ನಿಂತ.

"ನೋಡ್ರಿ ಟೀಚರಮ್ಮ, ಊರ ಹಕ್ಕಿ ಆದ್ರ ಈ ಗಿಡ ಇಲ್ಲಂದ್ರ ಇನ್ನೊಂದು ಗಿಡದಾಗ ಕುಂದರ್ತಾವ. ದೂರದಿಂದ ನಮ್ಮ ಹೊಲ ಹುಡುಕ್ಕೊಂಡು ಬಂದಾವ ಅಂದ್ರ ಅದರ ಮಾತು ಬ್ಯಾರೆ ಐತಿ. ನೀವು ಹೂಂ ಅನ್ರಿ, ನಾ ಗಿಡಕ್ಕ ಕೈ ಹಚ್ಚಂಗಿಲ್ಲ. ಕಣ ಆ ಕಡಿ ಹಾಕಸ್ತೀನಿ."

ಆ ಕಡೆ ಎಂದರೆ ಒಳ್ಳೆಯ ಗದ್ದೆ, ಎರಡು ಬೆಳೆ ಬರುವ ನೆಲ. ಅದು ನನಗೂ ಗೊತ್ತು, ಟೀಚರಿಗೂ ಅವನು ಬೆಳಗ್ಗೆಯೇ ತೋರಿಸಿದ್ದ. ನಾನು ಟೀಚರ ಮುಖ ನೋಡಿದೆ. ಒಂದು ಹೂಂ, ಅಷ್ಟೇ. ಮರ ಉಳಿಯುತ್ತದೆ, ಹಕ್ಕಿ ಉಳಿಯುತ್ತದೆ, ನಾವು ಊಟಕ್ಕೆ ಹೋಗಬಹುದು.

"ಇರಬಹುದು ಅನಸ್ತದ," ಎಂದರು ಟೀಚರ್. "ಆದ್ರ ಅಂದಾಜಿನ ಮ್ಯಾಲೆ ನಿನ್ನ ಹೊಲ ಕೇಳೂದಿಲ್ಲಪ್ಪ. ಕುತ್ತಿಗಿ ನೋಡಿಲ್ಲ ನಾ."

"ನಾಳಿನ ಸೋಮವಾರ ಬಿಟ್ಟು ಮುಂದಿನ ಸೋಮವಾರ ಕಡಿಯಾಕ ಬರ್ತಾರ್ರಿ," ಎಂದ ಅಣ್ಣ.

"ಅಷ್ಟರಾಗ ನೋಡ್ತೀನಿ. ನೋಡಾಕ ಆಗಲಿಲ್ಲಂದ್ರ ನೀ ಕಡಸು. ನಾ ಬ್ಯಾಡ ಅನ್ನೂದಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಹಸಿವು ಬೇರೆ, ಬಿಸಿಲು ಬೇರೆ, ಚಪ್ಪಲಿ ಬೇರೆ ಹರಿದಿತ್ತು.

"ಒಂದು ಹೂಂ ಅಂದಿದ್ರ ನಿಮ್ಮ ಗಂಟೇನು ಹೋಗತಿತ್ರಿ? ಒಳ್ಳೇದಕ್ಕ ಅಲ್ಲೇನು?"

ಟೀಚರ್ ಕಿಟಕಿಯಿಂದ ತಿರುಗಲಿಲ್ಲ. ಕುರುಗೋಡಿನಲ್ಲಿ ತಾನು ಹೂಂ ಅಂದದ್ದೂ ಒಳ್ಳೆಯ ಮನಸ್ಸಿನಿಂದಲೇ, ಆವತ್ತು ನಗು ಬಂತು, ಮುಗಿಯಿತು. ಇವತ್ತು ತಪ್ಪಿದರೆ ನಿನ್ನ ಅಣ್ಣನ ಗದ್ದೆ ಹೋಗುತ್ತದೆ, ಆಮೇಲೆ ಆ ಊರಿನಲ್ಲಿ ಯಾರೂ ಹಕ್ಕಿ ಹೆಸರು ಹೇಳಿಕೊಂಡು ಬಂದವರ ಮಾತು ಕೇಳುವುದಿಲ್ಲ ಎಂದರು. ಮೆಲ್ಲಗೆ, ಪಾಠ ಹೇಳಿದಂತೆ ಹೇಳಿದರು. ನಾನು ಮುಖ ಊದಿಸಿಕೊಂಡೇ ಕುಳಿತೆ. ಮರಗಳು ಹೋಗುವುದು ಖಾತ್ರಿ ಎಂದು ನನಗೆ ಅನ್ನಿಸಿಬಿಟ್ಟಿತ್ತು, ಅದಕ್ಕೇ ಅಷ್ಟು ಸಿಟ್ಟು.

ಮುಂದಿನ ಶನಿವಾರ ಮತ್ತೆ ಹೋದೆವು. ಭಾನುವಾರ ಒಂದೇ ದಿನ ಕೈಯಲ್ಲಿತ್ತು, ಮಾರನೆಯ ದಿನ ಕೊಡಲಿಯವರು ಬರುವವರು. ಈ ಸಲ ಟೀಚರ್ ಹಕ್ಕಿಯ ಹಿಂದೆ ಅಲೆಯಲಿಲ್ಲ. ಅವು ಬೆಳಗ್ಗೆ ಕಾಳಿಗೆ ಇಳಿಯುತ್ತವೆ, ಬಿಸಿಲೇರಿದ ಮೇಲೆ ನೀರು ಕುಡಿದು ಮರದೊಳಗೆ ಸೇರುತ್ತವೆ, ನಾವು ಅವುಗಳ ದಾರಿಯಲ್ಲಿ ಸುಮ್ಮನೆ ಕುಳಿತುಬಿಡಬೇಕು ಎಂದರು. ಹುಲ್ಲಿನ ಬಣವೆಯ ಮರೆಯಲ್ಲಿ ಗೊಬ್ಬರದ ಖಾಲಿ ಚೀಲ ಹಾಸಿಕೊಂಡು ಕುಳಿತೆವು, ಟೀಚರ್, ನಾನು, ನಮ್ಮ ಹಿಂದೆ ಅಣ್ಣ. ಹುಲ್ಲಿನ ಧೂಳಿಗೆ ಟೀಚರಿಗೆ ಸೀನು ಬರತೊಡಗಿತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ತಡೆಯುತ್ತಿದ್ದರು. ಅದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಕ್ಕಿಗಳು ಇಳಿದವು. ಆದರೆ ಕೂಳೆ ಎತ್ತರ, ಹಕ್ಕಿ ತಗ್ಗು. ಬೆನ್ನು ಕಾಣುತ್ತದೆ, ಕುತ್ತಿಗೆ ಕಾಣುವುದಿಲ್ಲ. ರೆಕ್ಕೆಯ ಗರಿಗಳಿಗೆ ಕೆಂಪು ಅಂಚು ಇರುವುದು ನನಗೂ ಕಂಡಿತು. ಅದೇ ಅಲ್ಲವೇನ್ರಿ ಎಂದು ಪಿಸುಗುಟ್ಟಿದೆ. ಧೂಳೂ ಅಂಚಿನಲ್ಲಿ ಕೂರುತ್ತದೆ ಎಂದರು ಟೀಚರ್. ಬಿಸಿಲು ಏರುತ್ತಿತ್ತು. ಇನ್ನೇನು ಅವು ಮೇಲೇಳುವ ಹೊತ್ತು.

ಆಗ ಅಣ್ಣ ಎದ್ದು ಹಿಂದಿನಿಂದ ಬಗ್ಗಿಕೊಂಡೇ ಕಾಲುವೆಯ ಕಡೆ ಹೋದ. ನಮಗೆ ಅರ್ಥವಾಗಲಿಲ್ಲ. ಬೇಸರವಾಗಿ ಮನೆಗೆ ಹೊರಟನೇನೋ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಕೂಳೆಯ ಈಚೆಯ ಮೂಲೆಗೆ, ನಮ್ಮ ಎದುರಿನ ಬಯಲಿಗೆ, ನೀರು ಹರಿದು ಬಂತು. ತೂಬಿನ ಮಣ್ಣು ತೆಗೆದು ಬಿಟ್ಟಿದ್ದ. ತೆಳ್ಳಗೆ, ಪಾದ ಮುಳುಗುವಷ್ಟು ನಿಂತಿತು ನೀರು. ಅವನು ಮತ್ತೆ ಬಗ್ಗಿಕೊಂಡು ಬಂದು ನಮ್ಮ ಹಿಂದೆ ಕುಳಿತ.

"ಧೂಳೋ ಮೈಯೋ, ತೊಳಕೊಂಡ್ರ ತಿಳೀತೈತಿ," ಎಂದ.

ಕುರುಗೋಡಿನ ಕಥೆಯನ್ನು ಅವನಿಗೆ ನಾನೇ ಹೇಳಿ ನಗಿಸಿದ್ದೆ. ಮರ ಕಡಿಸಬೇಕೆಂದಿದ್ದವನು ಅವನೇ, ನೀರು ಬಿಟ್ಟವನೂ ಅವನೇ. ನನ್ನ ಅಣ್ಣ ಎಂದು ಹೇಳುತ್ತಿಲ್ಲ, ಆ ಕ್ಷಣ ಅವನ ಮೇಲೆ ನನಗೆ ಬಹಳ ಅಭಿಮಾನ ಬಂತು.

ಮೊದಲು ಊರ ಬೆಳವಗಳು ಬಂದವು. ಆಮೇಲೆ ಕೆಂಪು ಹಕ್ಕಿಯೊಂದು ನಡೆಯುತ್ತ, ನಿಲ್ಲುತ್ತ, ಮತ್ತೆ ನಡೆಯುತ್ತ ನೀರಿನ ಅಂಚಿಗೆ ಬಂತು. ಬೇರೆ ಹಕ್ಕಿಗಳಂತೆ ಗುಟುಕಿಗೊಮ್ಮೆ ತಲೆ ಎತ್ತಲಿಲ್ಲ. ಕೊಕ್ಕು ಅದ್ದಿ ಒಂದೇ ಸಮನೆ ಹೀರಿತು. ಬೆಳವ, ಪಾರಿವಾಳ ಎಲ್ಲ ಹೀಗೇ ಕುಡಿಯುವುದು ಎಂದು ಟೀಚರ್ ಹೇಳಿದ್ದರು. ಕುಡಿದು, ಆಚೀಚೆ ನೋಡಿ, ನೀರಿಗೆ ಇಳಿಯಿತು. ಎದೆ ಅದ್ದಿತು. ರೆಕ್ಕೆ ಬಡಿಯಿತು. ನಾನು ನೀರನ್ನೇ ನೋಡುತ್ತಿದ್ದೆ, ಕೆಂಪಾಗದಿರಲಿ ಎಂದು. ನಮ್ಮೂರ ಕರಿಮಣ್ಣಿನ ಬಗ್ಗಡ ಬಿಟ್ಟರೆ ಬೇರೆ ಬಣ್ಣ ಕಾಣಲಿಲ್ಲ. ಹಕ್ಕಿ ದಡಕ್ಕೆ ಬಂದು ಒಂದು ರೆಕ್ಕೆ ಎತ್ತಿ ಬಿಸಿಲಿಗೆ ಹಿಡಿಯಿತು. ಇಟ್ಟಿಗೆ ಬಣ್ಣ ಹಾಗೆಯೇ ಇತ್ತು, ಒದ್ದೆಯಾಗಿ ಇನ್ನೂ ಗಾಢವಾಗಿತ್ತು.

ಟೀಚರ್ ಆಗಲೂ ಹೂಂ ಅನ್ನಲಿಲ್ಲ. ಹಕ್ಕಿ ಮೈ ಕೊಡವಿಕೊಂಡಿತು, ಬೆನ್ನಿನ ಗರಿ ತಿದ್ದಿಕೊಳ್ಳಲು ಕತ್ತು ಉದ್ದ ಮಾಡಿ ಆ ಕಡೆ ತಿರುಗಿಸಿತು. ಟೀಚರ್ ದುರ್ಬೀನನ್ನು ಕಣ್ಣಿಗೆ ಇನ್ನಷ್ಟು ಒತ್ತಿಕೊಂಡರು.

"ಗೆರಿ ಅವ," ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಹೌದು. ಅದೇ ಹೌದು."

ದುರ್ಬೀನನ್ನು ಕೊರಳಿಂದ ತೆಗೆದು ಹಿಂದಕ್ಕೆ, ಅಣ್ಣನ ಕೈಗೆ ಕೊಟ್ಟರು. ನೀನೂ ನೋಡು, ನನ್ನ ಮಾತಿನ ಮೇಲೆ ಗಿಡ ಉಳಿಸಬೇಡ ಎಂದರು. ಅವನಿಗೆ ಅದನ್ನು ಹಿಡಿಯಲು ಬರುತ್ತಿರಲಿಲ್ಲ, ತಿರುಗಾಮುರುಗಾ ಹಿಡಿದು, ಟೀಚರ್ ತಿದ್ದಿ, ಕೊನೆಗೆ ಕಣ್ಣಿಗೆ ಹೊಂದಿತು. ಬಹಳ ಹೊತ್ತು ನೋಡಿದ. ಹಕ್ಕಿ ಎದ್ದು ಜಾಲಿಗೆ ಹಾರಿತು, ಬಿಚ್ಚಿದ ಕಪ್ಪು ಬಾಲಕ್ಕೆ ಬೂದಿ ಬಣ್ಣದ ಅಂಚು. ಬಾಲವೂ ಸರಿಯಾಯಿತು ಎಂದು ಟೀಚರ್ ಹೇಳುವಷ್ಟರಲ್ಲಿ, ತಡೆದಿಟ್ಟಿದ್ದ ಸೀನೆಲ್ಲ ಒಟ್ಟಿಗೆ ಬಂದು, ಹೊಲದಲ್ಲಿದ್ದ ಹಕ್ಕಿಗಳೆಲ್ಲ ಎದ್ದುಹೋದವು. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಟೀಚರ ಕಣ್ಣಲ್ಲಿ ನೀರಿತ್ತು, ಅದು ಸೀನಿನದೇ ಎಂದು ಅವರು ಹೇಳಿದರು.

ಅಣ್ಣ ಅಲ್ಲಿಂದಲೇ ಅಡ್ಡೆಯವನಿಗೆ ಫೋನು ಮಾಡಿ, ನಾಳೆ ಬರಬ್ಯಾಡ ಎಂದ. ಆ ಕಡೆಯವನು ಯಾಕೆ ಎಂದಿರಬೇಕು. "ಮಂದಿ ಅದಾರ ಅದರಾಗ" ಎಂದು ಹೇಳಿ ಇಟ್ಟುಬಿಟ್ಟ. ಮನೆಯಲ್ಲಿ ಅತ್ತಿಗೆ ಕೇಳಿ, ಒಳ್ಳೆಯದೇ ಆಯಿತು, ಇಲ್ಲಂದರೆ ನಂಟರು ಮಲಗಿದ ಮಂಚ ಮುರಿದಂತೆ ಆಗುತ್ತಿತ್ತು ಎಂದಳು. ಗದ್ದೆ ಹೋದದ್ದಕ್ಕೆ ಒಂದೆರಡು ವರ್ಷ ಗಂಡನ ಮೇಲೆ ಗೊಣಗಿದಳು, ಅದೂ ನಿಜ. ಊರಿನವರು ಅಣ್ಣನನ್ನು ಬೆಳವದ ಮಾವ ಎಂದು ಛೇಡಿಸಿದರು. ಬಳಗದವರು ಬಳ್ಳಾರಿಯಿಂದ ಬಂದು ಫೋಟೊ ತೆಗೆದರು, ಟೀಚರ ಕೈ ಕುಲುಕಿದರು. ಟೀಚರ್ ಅವರಿಗೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿಸಿ ತಿನ್ನಿಸಿದರು. ಆ ಭಾನುವಾರದಿಂದ ನನ್ನ ನಿದ್ದೆಗೆ ಮತ್ತೆ ಸಂಚಕಾರ ಬಂತು.

ಆಮೇಲಿನ ಚಳಿಗಾಲಗಳಲ್ಲಿ ಹಕ್ಕಿಗಳು ಒಂದು ವರ್ಷ ಬಂದವು, ಒಂದು ವರ್ಷ ಬರಲಿಲ್ಲ. ಎಲ್ಲಿಂದ ಬರುತ್ತವೆ ಎಂದು ಅಣ್ಣ ಕೇಳಿದರೆ, ಹಿಮಾಲಯದ ಕಡೆಯಿಂದಲೋ ಅದರಾಚೆಯಿಂದಲೋ, ಖಚಿತ ಗೊತ್ತಿಲ್ಲ ಎನ್ನುತ್ತಿದ್ದರು ಟೀಚರ್. ಗೊತ್ತಿಲ್ಲ ಎಂಬ ಮಾತನ್ನು ಅವರಷ್ಟು ಸಲೀಸಾಗಿ ಹೇಳುವವರನ್ನು ನಾನು ಇನ್ನೂ ಕಂಡಿಲ್ಲ. ಬಂದ ವರ್ಷ ಅಣ್ಣನ ಫೋನು, ನಮ್ಮ ಬಸ್ಸು. ಟೀಚರ್ ನೋಡಿ ಹೌದು ಎನ್ನುವತನಕ ಅಣ್ಣ ಯಾರಿಗೂ ಹೇಳುತ್ತಿರಲಿಲ್ಲ.

ಕಡೆಯ ಚಳಿಗಾಲ ಅವರಿಗೆ ಹೊಸ್ತಿಲು ದಾಟಲೂ ಆಗುತ್ತಿರಲಿಲ್ಲ. ಉಸಿರಾಟದ ತೊಂದರೆ. ದುರ್ಬೀನು ಭಾರವಾಗುತ್ತದೆ ಎಂದು ನನಗೇ ಕೊಟ್ಟಿದ್ದರು. ಅಣ್ಣ ಹೊಲದಿಂದ ಫೋನು ಮಾಡಿದಾಗ ನಾನು ಅದನ್ನು ಅವರ ಕಿವಿಗೆ ಹಿಡಿದೆ. ಎಷ್ಟು ದಪ್ಪ ಅದ, ಯಾವ ಕಡೆ ಕೂತದ, ಕುತ್ತಿಗಿ ನೋಡಿದೀ ಎಂದು ವಿಚಾರಣೆ ನಡೆಸಿದರು. ಅವನು ಏನು ಹೇಳಿದನೋ, ಕೊನೆಗೆ ಕಣ್ಣು ಮುಚ್ಚಿಕೊಂಡು, ಹಾಗಾದ್ರ ಹೌದು ಎಂದರು. ಆ ಬೇಸಿಗೆಯಲ್ಲಿ, ಹಕ್ಕಿಗಳೆಲ್ಲ ಹೋದ ಮೇಲೆ, ಟೀಚರೂ ಹೋದರು... ಅಣ್ಣ ಕರೂರಿನಿಂದ ಬಂದು, ಗಂಡಸರ ಗುಂಪಿನಲ್ಲಿ ಕಡೆಯವನಾಗಿ ನಿಂತು, ಯಾರಿಗೂ ತನ್ನ ಗುರುತು ಹೇಳದೆ ವಾಪಸು ಹೋದ. ಮನೆ ಅವರ ತಮ್ಮನ ಮಕ್ಕಳ ಪಾಲಿಗೆ ಹೋಯಿತು, ನಾವು ಬೇರೆ ಓಣಿಗೆ ಬಂದೆವು. ಭಾನುವಾರ ಈಗ ಎಷ್ಟು ಬೇಕಾದರೂ ಮಲಗಬಹುದು. ನಿದ್ದೆ ಬರುವುದಿಲ್ಲ.

ಮರುವರ್ಷ ಹಕ್ಕಿಗಳು ಬರಲಿಲ್ಲ. ಈ ವರ್ಷ ಮೊನ್ನೆ ಅಣ್ಣನ ಫೋನು ಬಂತು. ಬಂದಾವ ಅನಸ್ತೈತಿ, ನನಗ ಕಣ್ಣು ಸರಿ ಕಾಣವಲ್ದು, ನೀ ಬಾ ಎಂದ. ನಾನು ಹೋಗಿ ಏನು ಮಾಡಲಿ ಎಂದುಕೊಂಡೇ ಬಸ್ಸು ಹತ್ತಿದ್ದು.

ಕರೂರಿನಲ್ಲಿ ಇಳಿದು ನೇರ ಹೊಲಕ್ಕೆ ಹೋದೆ. ಜಾಲಿ ಮರಗಳು ಮೊದಲಿಗಿಂತ ಹರಡಿಕೊಂಡಿವೆ. ಅಣ್ಣ ನೆರಳಿನಲ್ಲಿ ಕಾಯುತ್ತಿದ್ದ, ಮೇಲಿನ ಕೊಂಬೆಯನ್ನು ತೋರಿಸಿದ. ಎಲೆಗಳ ನಡುವೆ ಕೆಂಪನೆಯದೊಂದು ಕುಳಿತಿತ್ತು, ನಮ್ಮ ಕಡೆ ಎದೆ ಮಾಡಿಕೊಂಡು. ದುರ್ಬೀನು ಹಿಡಿದು ನಿಂತೆ. ತೋಳು ನೋಯತೊಡಗಿತು. ಹಕ್ಕಿ ಅಲ್ಲಾಡಲಿಲ್ಲ. ಅಣ್ಣ, ಟೀಚರ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನನ್ನ ಪಕ್ಕ ಕೈಕಟ್ಟಿ ನಿಂತಿದ್ದ. ಯಾವ ಲಾರಿ ನೋಡಿಯೋ ಏನೋ, ಹಕ್ಕಿ ಕತ್ತು ಚಾಚಿ ರಸ್ತೆಯ ಕಡೆ ತಿರುಗಿತು. ಕಪ್ಪು, ಬಿಳುಪು, ಮತ್ತೆ ಕಪ್ಪು...

ಪಕ್ಕಕ್ಕೆ ತಿರುಗಿದೆ, ಹೇಳಲೆಂದು. ಅಲ್ಲಿ ಅಣ್ಣ ಒಬ್ಬನೇ ಇದ್ದ. ಹೌದು ಅನ್ನಬೇಕಾದವಳು ನಾನೇ ಎಂದು ಆಗ ಹೊಳೆಯಿತು. ಅಳು ಬಂತು. ಅಣ್ಣ ಕಾಲುವೆಯ ಕಡೆ ಮುಖ ತಿರುಗಿಸಿಕೊಂಡ. ಆಮೇಲೆ ಕೇಳಿದ.

"ಏನಂತಿ?"

ಮತ್ತೊಮ್ಮೆ ದುರ್ಬೀನು ಎತ್ತಿ ನೋಡಿದೆ. ಹಕ್ಕಿ ಇನ್ನೂ ಹಾಗೇ ಕುಳಿತಿತ್ತು.

"ಹೌದಣ್ಣ," ಎಂದೆ. "ಅದೇ ಹೌದು."